ಬೋರ್ಡ್ ಒರೆಸಿ ಹೋಗಿ

ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಗೇಟು ದಾಟಿದ್ದೇ ತಡ, ಕಾಲೇಜಿಗೆ ಕಾಲೇಜೇ ಕರಗತೊಡಗಿತು. ಮೂರು ಅಂತಸ್ತಿನ ಕಟ್ಟಡ ಮೂಲೆಗಳನ್ನೆಲ್ಲ ಕಳೆದುಕೊಂಡು, ಬಕೆಟ್ಟಿನ ತಳದಲ್ಲಿ ಮರೆತುಹೋದ ಸಾಬೂನಿನಂತೆ ಮೆತ್ತಗೆ ಕೂತಿತ್ತು. ಕಾವಲಿನವನು ಒಂದು ನೀಲಿ ಮೋಡ. ದಿನವೂ ಇವನನ್ನು ಕಂಡೊಡನೆ ಸ್ಟೂಲು ಕಿರುಗುಟ್ಟಿಸಿ ಎದ್ದು ಹಣೆಗೆ ಕೈಯೊಯ್ಯುತ್ತಿದ್ದ ಆ ಮೋಡ ಇವತ್ತು ಮಿಸುಕಲಿಲ್ಲ. ಗುರುತು ಸಿಗಲಿಲ್ಲ, ಬದುಕಿದೆ, ಅಂದುಕೊಂಡ. ಅಂದುಕೊಂಡ ಮರುಗಳಿಗೆಗೇ ಇನ್ನೊಂದು ಲೆಕ್ಕ ಹೊಳೆಯಿತು. ಹಾಗಾದರೆ ಇಷ್ಟು ದಿನ ಸಲಾಮು ಸಿಕ್ಕಿದ್ದೆಲ್ಲ ಆ ದಪ್ಪ ಕಪ್ಪು ಫ್ರೇಮಿಗೆ. ಅದರ ಹಿಂದೆ ಇದ್ದವನಿಗೆ ಒಂದು ದಿನವೂ ಅಲ್ಲ.

ಅವನ ಕಣ್ಣು ಮೈನಸ್ ಒಂಬತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಉಜ್ಜಿದ ಗಾಜನ್ನೆಲ್ಲ ಒಂದರ ಪಕ್ಕ ಒಂದು ಹಾಸಿದ್ದರೆ ಚಂದ್ರನವರೆಗೆ ನಡೆದುಹೋಗಿ, ಬರುವಾಗ ಬೇಸರವಾಗದಿರಲಿ ಎಂದು ಬೇರೆ ದಾರಿಯಲ್ಲಿ ಬರಬಹುದಿತ್ತು. ಗಿರಾಕಿಗಳು ಮುಂದಿನ ಕೋಣೆಯಲ್ಲಿ, ಇವನು ಹಿಂದೆ. ಆದ್ದರಿಂದ ಊರಿನ ಮುಖಗಳು ಅವನಿಗೆ ಗೊತ್ತಿರಲಿಲ್ಲ, ನಂಬರುಗಳು ಗೊತ್ತಿದ್ದವು. ದಾರಿಯಲ್ಲಿ ಎದುರಾದವರನ್ನು ಇವನು ನೋಡುತ್ತಿದ್ದದ್ದೇ ಹಾಗೆ: ಪ್ಲಸ್ ಎರಡು ಹೋಗುತ್ತಿದ್ದಾರೆ, ಪಾಪ ಮೈನಸ್ ಒಂದು ಮುಗ್ಗರಿಸಿದ. ಇಂಥವನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಈ ಕಾಲೇಜಿನ ಹೊರಗಿನ ಅಭ್ಯರ್ಥಿ. ಅಂದರೆ ತರಗತಿ ಇಲ್ಲ, ಪಾಠ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಒಂದು ಹಳದಿ ಕಾರ್ಡು ಹಿಡಿದುಕೊಂಡು ಒಳಗೆ ಬಂದು ಎಲ್ಲಾದರೂ ಕೂತು ಓದಬಹುದು, ಪರೀಕ್ಷೆ ಬರೆಯಬಹುದು, ಅಷ್ಟೆ. ಆರು ವರ್ಷದೊಳಗೆ ಮುಗಿಸಬೇಕು, ಇದು ಆರನೆಯದು. ಉಳಿದದ್ದು ಒಂದೇ ಪೇಪರು, ಬೆಳಕಿನದು. ಅಂಗಡಿಯಲ್ಲಿ ಹೆಬ್ಬೆರಳ ಮಾತು ಕೇಳಿ ಬಗ್ಗುವ ಅದೇ ಬೆಳಕು ಪುಸ್ತಕದಲ್ಲಿ ಅಕ್ಷರಗಳ ವೇಷ ಹಾಕಿ ಬಂದು ಐದು ಸಲ ಇವನಿಗೆ ಮಣ್ಣು ಮುಕ್ಕಿಸಿತ್ತು. ಮನೆಯಲ್ಲಿ ಪುಸ್ತಕ ಬಿಚ್ಚುವ ಹಾಗಿಲ್ಲ. ಅಕ್ಕ ಭಾವನಿಗೆ ಕೂಗಿ ಹೇಳುತ್ತಾಳೆ, "ರೀ, ನಮ್ಮ ಮಗು ಓದೋಕೆ ಕೂತಿದೆ. ಟೀವಿ ಸಣ್ಣ ಮಾಡಿ, ಹೆದರ್ಕೊಂಡೀತು." ಭಾವ ನಗುವುದಿಲ್ಲ, ಟೀವಿ ಸಣ್ಣ ಮಾಡುತ್ತಾರೆ, ಅದು ಇನ್ನೂ ಕಷ್ಟ.

ಕಾಲೇಜಿನ ಮಕ್ಕಳು ಎಲ್ಲೆಲ್ಲಿ ಕೂತು ಓದುತ್ತಾರೆ ಎಂಬ ವಿಷಯದಲ್ಲಿ ಅವನಷ್ಟು ಬಲ್ಲವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ, ಯಾಕೆಂದರೆ ಆ ಎಲ್ಲ ಜಾಗಗಳಿಂದಲೂ ಅವರನ್ನು ಎಬ್ಬಿಸಿದವನು ಅವನೇ. ಲೈಬ್ರರಿಯ ಓದುವ ಕೋಣೆ ಇರುವುದು ಬ್ಯಾಗಿಟ್ಟು ಜಾಗ ಹಿಡಿಯುವುದಕ್ಕೆ ಮತ್ತು ಮಧ್ಯಾಹ್ನ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗುವುದಕ್ಕೆ. ನಿಜವಾದ ಓದು ನಡೆಯುವುದು ಓದಬಾರದ ಕಡೆ: ಲ್ಯಾಬಿನ ಹಿಂದಿನ ಮೆಟ್ಟಿಲ ತಿರುವಿನಲ್ಲಿ, ಅಲ್ಲಿ ಒಬ್ಬ ಮೇಲಿನ ಮೆಟ್ಟಿಲಲ್ಲಿ ಕೂತು ಪಾಠ ಹೇಳಿದರೆ ಕೆಳಗಿನ ಏಳು ಮೆಟ್ಟಿಲಿಗೂ ಕೇಳುತ್ತದೆ, ಕ್ಯಾಂಟೀನಿನ ಕೊನೆಯ ಮೇಜಿನಲ್ಲಿ, ಅಲ್ಲಿ ಒಂದು ಟೀ ನಾಲ್ಕು ಗಂಟೆ ಬಾಳುತ್ತದೆ, ಪಾಠ ಮುಗಿದು ಖಾಲಿಯಾದ ತರಗತಿಯ ನೆಲದ ಮೇಲೆ, ಬೆಂಚುಗಳನ್ನೆಲ್ಲ ಬಿಟ್ಟು. ಒಬ್ಬನೇ ಓದುವವನು ಕಿಟಕಿ ಹುಡುಕುತ್ತಾನೆ, ಗುಂಪು ಗೋಡೆ ಹುಡುಕುತ್ತದೆ. ಇದೆಲ್ಲ ಅವನು ನೋಡಿ ಕಲಿತದ್ದು, ಮತ್ತು ನೋಡುವುದಕ್ಕೆ ಅವನಿಗೆ ಸಿಗುತ್ತಿದ್ದದ್ದು ಸರಿಯಾಗಿ ಮೂರು ನಿಮಿಷ. ಎಂಟು ವರ್ಷ ಮಾರಾಟವಾಗದೆ ಯಜಮಾನರು ಇವನ ತಲೆಗೆ ಕಟ್ಟಿದ ಆ ಫ್ರೇಮು, ಇಸ್ತ್ರಿ ಮಾಡಿ ಒಳಗೆ ಸಿಕ್ಕಿಸಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಇವನು ಬಂದು ಕೂತ ಕೂಡಲೇ ಪಿಸುಮಾತು ಸಾಯುತ್ತಿತ್ತು, ಒಬ್ಬನ ಬೆನ್ನು ನೆಟ್ಟಗಾಗುತ್ತಿತ್ತು, ಇನ್ನೊಬ್ಬಳ ಫೋನು ಮಾಯವಾಗುತ್ತಿತ್ತು, ಆಮೇಲೆ "ಕೂತ್ಕೊಳ್ಳಿ ಸರ್, ನಾವು ಹೊರಟಿದ್ವಿ" ಎಂದು ಇಡೀ ಮೇಜು ಎದ್ದು ಹೋಗುತ್ತಿತ್ತು. ಬೆಂಕಿಯ ಗಂಟೆ ಹೊಡೆದರೂ ಅಷ್ಟು ಬೇಗ ಖಾಲಿಯಾಗದ ಕಟ್ಟಡವನ್ನು ಅವನು ಒಂದು ನೋಟ್‌ಬುಕ್ಕು ಹಿಡಿದು ಖಾಲಿ ಮಾಡಬಲ್ಲವನಾಗಿದ್ದ. ಕೂತ ಜಾಗದ ಸುತ್ತ ಹತ್ತು ಕುರ್ಚಿ, ಹತ್ತೂ ಅವನವೇ.

ನಾನು ಸರ್ ಅಲ್ಲ ಎಂದು ಮೊದಲ ದಿನವೇ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಆ ನಾಲಿಗೆಗೆ ಸರ್ ಅನ್ನಿಸಿಕೊಂಡ ರುಚಿ ಆಗಲೇ ಹತ್ತಿಬಿಟ್ಟಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡ, ಆ ನಾಳೆ ಆರು ವರ್ಷ ಉದ್ದವಾಯಿತು. ಒಮ್ಮೆ ಒಬ್ಬ ಪುಸ್ತಕ ಹಿಡಿದು ಓಡಿಬಂದು, "ಸರ್, ಒಂದು ಡೌಟು, ಈ ಲೆನ್ಸಿನ ಲೆಕ್ಕ" ಎಂದಾಗ ಇವನು ಪುಟ ನೋಡಿದ. ಅದು ಅವನಿಗೇ ಬಾರದ ಲೆಕ್ಕ, ಅವನನ್ನು ಐದೂ ಸಲ ಬೀಳಿಸಿದ್ದೇ ಅದು. "ಈಗ ಮೀಟಿಂಗಿದೆಯಪ್ಪ" ಅಂದುಬಿಟ್ಟ. ಅಂದಮೇಲೆ ಮೀಟಿಂಗಿಗೆ ಹೋಗಬೇಕಲ್ಲ, ಆಚೀಚೆ ನೋಡಿ ಶೌಚಾಲಯದೊಳಗೆ ಹೋಗಿ ಅರ್ಧ ಗಂಟೆ ನಿಂತ. ಗೋಡೆಯಾಚೆ ಹುಡುಗರು ಅದೇ ಲೆಕ್ಕ ಹಿಡಿದು ಗುದ್ದಾಡುತ್ತಿದ್ದರು. ಕಿವಿಯನ್ನು ತಣ್ಣನೆಯ ಟೈಲಿಗೆ ಒತ್ತಿ ಕೇಳಿಸಿಕೊಂಡ. ಅವರ ನಡುವೆ ಕೂತಿದ್ದರೆ ಅರ್ಥವಾಗುತ್ತಿತ್ತೇನೋ. ಯಾರಾದರೂ ಮೊಣಕೈಯಿಂದ ತಿವಿದು, ಅಷ್ಟೂ ಗೊತ್ತಾಗಲ್ವೇನೋ, ಎಂದು ಒಂದು ಸಲ ಬೈದಿದ್ದರೆ.

ಇದಕ್ಕೆಲ್ಲ ಕಿರೀಟವಿಟ್ಟಂತಾದದ್ದು ಮೊನ್ನೆ ಸೋಮವಾರ. ಮೂರನೆಯ ಅಂತಸ್ತಿನ ಸೆಮಿನಾರ್ ಕೋಣೆಯ ಬಾಗಿಲಲ್ಲಿ ಮೂವರು ಹುಡುಗರು, ಒಬ್ಬಳು ಹುಡುಗಿ. ಹುಡುಗಿಯ ಮುಖ ನೋಡಲಿಲ್ಲ, ಗಾಜಿನ ದಪ್ಪ ನೋಡಿದ: ಮೈನಸ್ ಆರು. "ಸರ್, ಎಲ್ಲೂ ಜಾಗ ಇಲ್ಲ. ಇಲ್ಲಿ ಕೂತು ಓದ್ಕೋಬಹುದಾ?" ಎಂದು ಅವಳೇ ಕೇಳಿದ್ದು. ಯಜಮಾನರ ಮಾತಿಗೆ ಇಪ್ಪತ್ತೆರಡು ವರ್ಷ ಹ್ಞೂಂ ಅಂದ ಬಾಯಿ. "ಕೂತ್ಕೊಳ್ಳಿ, ಧಾರಾಳವಾಗಿ" ಅಂದಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಲೋಕಕ್ಕೇನೂ ಆಗುತ್ತಿರಲಿಲ್ಲ. ನಾಲ್ಕು ಜೊತೆ ಕಣ್ಣು ತನ್ನನ್ನೇ ನೋಡುತ್ತಿವೆ, ಇನ್ನೊಂದು ಮಾತಿಗೆ ಕಾಯುತ್ತಿವೆ ಅನ್ನಿಸಿ, ಲೆಕ್ಚರರ್ ಆದವನು ಇನ್ನೇನು ಹೇಳುತ್ತಾನೆ ಎಂದು ಹುಡುಕಿ, ಎರಡು ಹೆಜ್ಜೆ ಹೋದವನು ಹಿಂದಿರುಗಿ ಗತ್ತಿನಿಂದ ಹೇಳಿದ: "ಬೋರ್ಡ್ ಒರೆಸಿ ಹೋಗಿ." ಬೋರ್ಡಿನ ತುಂಬ ಇರುವೆ ಸಾಲಿನಂಥ ಬರಹ ಇತ್ತು, ಅವನು ನೋಡಿದ್ದ. ಯಾವುದೋ ಹಳೇ ಪಾಠ ಅಂದುಕೊಂಡ. ಅದು ವಿಭಾಗದ ಹೆಡ್ ಮೇಡಂ ಮೂರು ದಿನ ಹಗಲಿಡೀ ನಿಂತು ಬರೆದ, ಮುನ್ನೂರ ಹನ್ನೆರಡು ಅಭ್ಯರ್ಥಿಗಳು ಪರೀಕ್ಷೆಗೆ ಯಾವ ಕೋಣೆಯಲ್ಲಿ ಯಾರ ಹಿಂದೆ ಯಾರು ಕೂರಬೇಕೆಂಬ ಪಟ್ಟಿ. ಕಾಗದಕ್ಕೆ ಇನ್ನೂ ಇಳಿಸಿರಲಿಲ್ಲ. ಹೇಳಿದ ಮಾತು ಕೇಳುವ ಮಕ್ಕಳು. ಒಂದು ಚುಕ್ಕೆ ಉಳಿಯದ ಹಾಗೆ, ಒದ್ದೆ ಬಟ್ಟೆಯಿಂದ ಇನ್ನೊಮ್ಮೆ, ಒರೆಸಿ ಹೋಗಿದ್ದರು.

ಯಾವ ಸರ್ ಎಂದು ಮೇಡಂ ಕೇಳಿದರೆ ಹೆಸರು ಗೊತ್ತಿಲ್ಲ. ನಾಲ್ವರನ್ನೂ ಸ್ಟಾಫ್ ರೂಮಿಗೆ ಕರೆದೊಯ್ದು, ಲೆಕ್ಚರರುಗಳನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿ ತೋರಿಸಿದರಂತೆ. ಇವರಲ್ಲ, ಇವರಲ್ಲ, ಇವರೂ ಅಲ್ಲ. ಒರೆಸಿದ್ದಲ್ಲದೆ ಸುಳ್ಳು ಬೇರೆ ಎಂದು ಮೇಡಂ ನಾಲ್ಕು ಹಾಲ್ ಟಿಕೆಟ್ ತಮ್ಮ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಆ ಸರ್ ಯಾರೆಂದು ಶುಕ್ರವಾರ ಮೂರು ಗಂಟೆಯೊಳಗೆ ತೋರಿಸಿ, ಇಲ್ಲವೇ ಮುಂದಿನ ವರ್ಷ ಬನ್ನಿ. ಇದೆಲ್ಲ ಅವನಿಗೆ ಗೊತ್ತಾದದ್ದು ನಿನ್ನೆ, ನೋಟಿಸ್ ಬೋರ್ಡಿನಲ್ಲಿ ತನ್ನದೇ ಮುಖ ಕಂಡಾಗ. ಯಾರೋ ಪೆನ್ಸಿಲಿನಲ್ಲಿ ಬಿಡಿಸಿ, ಕೆಳಗೆ ವಿಷಯವನ್ನೆಲ್ಲ ಬರೆದು, 'ಇವರನ್ನು ಕಂಡವರು ದಯವಿಟ್ಟು ತಿಳಿಸಿ' ಎಂದು ಮುಗಿಸಿದ್ದರು. ಮೂಗು ತಪ್ಪಾಗಿತ್ತು, ಕಿವಿ ಆನೆಯದು, ಆದರೆ ಫ್ರೇಮು ಎಷ್ಟು ಕರಾರುವಾಕ್ಕಾಗಿತ್ತೆಂದರೆ ಸಂದಿಯ ಸ್ಕ್ರೂ ಕೂಡ ಬಿಟ್ಟಿರಲಿಲ್ಲ. ಮೊದಲು ಬಂದ ಯೋಚನೆ ನಾಚಿಕೆಗೇಡಿನದು: ಪರವಾಗಿಲ್ಲ, ಚೆನ್ನಾಗಿ ಕಾಣುತ್ತೇನೆ. ಆಮೇಲೆ ಕನ್ನಡಕ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಹಾಗಾಗಿ ಇವತ್ತು ಶುಕ್ರವಾರ, ಕನ್ನಡಕವಿಲ್ಲ. ಬರದೆ ಇದ್ದಿದ್ದರೂ ಆಗುತ್ತಿತ್ತು. ಎಲ್ಲ ತಾನಾಗಿ ಸರಿಹೋಗಿದೆಯಂತೆ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕೆಂದು ಬಂದಿದ್ದ. ಬೆಳಗಿನಿಂದ ಕೈಯಲ್ಲಿ ಗೋಡೆ ಸವರಿಕೊಂಡು ತಿರುಗಿದ. ಮುಖಗಳೆಲ್ಲ ಹಾಲಿನಲ್ಲಿ ಬಿದ್ದ ಬಿಸ್ಕತ್ತಿನಂತೆ ಉಬ್ಬಿ ತೇಲುತ್ತಿದ್ದವು. ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಸರ್ ಅನ್ನಲಿಲ್ಲ, ಒಬ್ಬ ಭುಜ ತಾಗಿಸಿ ಹೋದ, ಕ್ಷಮಿಸಿ ಅನ್ನುವ ಗೋಜಿಗೂ ಹೋಗಲಿಲ್ಲ. ಓಡಾಡಿ ಓಡಾಡಿ ಕೊನೆಗೆ ನೀರಿನ ಪಂಪಿನ ಮನೆಯ ಹಿಂದಿನ ಸಿಮೆಂಟು ಕಟ್ಟೆ ಸಿಕ್ಕಿತು. ಪಂಪಿನ ಗುಂಯ್‌ಗುಡುವಿಕೆಗೆ ಅಲ್ಲಿ ಯಾರೂ ಓದುವುದಿಲ್ಲ. ಕೂತ. ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಒಂದೊಂದೇ ಅಕ್ಷರ ಕಾಣುತ್ತಿತ್ತು, ಒಂದು ಪದ ಪೂರ್ತಿ ಕಾಣುತ್ತಿರಲಿಲ್ಲ.

"ಇಲ್ಲಿ ಯಾರಾದ್ರೂ ಬರೋರಿದಾರಾ?" ಒಂದು ಹಸಿರು ಮಸುಕು ಕೇಳಿತು. ಹೆಣ್ಣುದನಿ.

"ಇಲ್ಲ."

ಕೂತಳು. ಅವನ ಪಕ್ಕ ಒಬ್ಬರು ಬಂದು ಕೂತು ಎಷ್ಟು ಯುಗವಾಗಿತ್ತೆಂದರೆ, ಕಟ್ಟೆ ಒಂದು ಕಡೆಗೆ ವಾಲಿದ ಹಾಗನ್ನಿಸಿ ಅವನು ಅಂಚು ಹಿಡಿದುಕೊಂಡ.

"ನೀವು ಪಂಪ್ ನೋಡ್ಕೊಳೋರಾ?"

"ಹ್ಞಾಂ... ಅಲ್ಲ. ಸುಮ್ನೆ ಕೂತಿದೀನಿ."

"ಒಳ್ಳೇ ಕೆಲಸ. ನನಗೂ ಅದೇ ಗತಿ ಈಗ. ಹಾಲ್ ಟಿಕೆಟ್ ಇಲ್ದೆ ಓದಿ ಯಾರಿಗೆ ಉಪಯೋಗ?" ಮೂಗೆಳೆದುಕೊಂಡಳು. "ನೀವು ಇಲ್ಲೇ ಇರ್ತೀರಲ್ಲ, ದಪ್ಪ ಕಪ್ಪು ಕನ್ನಡಕದ ಸರ್ ಒಬ್ಬರನ್ನ ನೋಡಿದೀರಾ? ಯಾವಾಗಲೂ ಒಬ್ಬರೇ ಇರ್ತಾರೆ. ಒಂಥರಾ... ನಮ್ಮೇಲೆಲ್ಲ ಸಿಟ್ಟು ಬಂದೋರ ಹಾಗೆ."

"ಸಿಟ್ಟು ಬಂದೋರ ಹಾಗಾ?"

"ಹ್ಞೂಂ. ನಮ್ಮ ಮಾತು ಕೇಳಿಸ್ಕೋತಾ ಕೂತಿರ್ತಾರೆ. ನಮ್ಮ ಉದ್ದಣ್ಣ ಇದಾನಲ್ಲ, ನನ್ನ ಕ್ಲಾಸ್‌ಮೇಟು, ಅವನು ಹೇಳ್ತಾನೆ, ಅವರು ದೆವ್ವ ಕಣೇ, ರಿಟೈರಾದ ಮೇಲೂ ಬಿಟ್ಟು ಹೋಗದೆ ಉಳ್ಕೊಂಡಿರೋ ಸರ್, ಅಂತ." ನಕ್ಕಳು, ನಗು ಅರ್ಧದಲ್ಲಿ ಮುರಿಯಿತು. "ನಾನೇ ಡಸ್ಟರ್ ಹಿಡಿದಿದ್ದು. ಅವರು ಮೂರು ಜನ ಬೇಡ ಬೇಡ ಅಂದ್ರು, ಏನೋ ಬರ್ದಿದಾರೆ ಕಣೇ ಅಂದ್ರು. ಸರ್ ಹೇಳಿದಾರೆ ಒರೆಸ್ಲೇಬೇಕು ಅಂತ ನಾನೇ ಹಟ ಮಾಡಿದ್ದು. ಈಗ ಅವರ ವರ್ಷನೂ ಹೋಯ್ತು. ಬೆಳಗಿಂದ ಮೂವರೂ ನನ್ ಜೊತೆ ಮಾತಾಡ್ತಿಲ್ಲ."

"ಆ ಸರ್ ಸಿಕ್ಕಿದ್ರೆ?"

"ಮೊದಲು ನಮಸ್ಕಾರ ಮಾಡ್ತೀನಿ. ಆಮೇಲೆ ಅವರ ತಲೆ ಮೇಲೆ ಅದೇ ಡಸ್ಟರ್ ಒರೆಸ್ತೀನಿ."

ಕನ್ನಡಕ ತೆಗೆದು ದುಪಟ್ಟದಲ್ಲಿ ಕಣ್ಣೊರೆಸಿಕೊಂಡಳು. ಮತ್ತೆ ಹಾಕಿಕೊಂಡದ್ದು ಜಾರಿ ಮೂಗಿನ ತುದಿಗೆ ಬಂತು. ನೂಕಿದಳು, ಮತ್ತೆ ಜಾರಿತು. "ಕೊಡಿ ಇಲ್ಲಿ" ಎಂದು ಅವನ ಕೈ ಅವನನ್ನು ಕೇಳದೆಯೇ ಚಾಚಿತು. ಗಾಜಿನ ಅಂಚು ಬೆರಳಿಗೆ ತಾಗಿದ್ದೇ ಸಾಕು, ಕಣ್ಣು ಬೇಕಾಗಲಿಲ್ಲ. ಬಲಕ್ಕೆ ಮೈನಸ್ ಆರು, ಎಡಕ್ಕೆ ಕಾಲು ಕಡಿಮೆ, ತಾನೇ ಉಜ್ಜಿದ್ದು. ಆಗ ಅಲ್ಲಿ ಕೂತಿದ್ದ ಇಬ್ಬರಿಗೂ ಏನೂ ಕಾಣುತ್ತಿರಲಿಲ್ಲ. ಅವಳಿಗೆ ಅವನು ಒಂದು ಮಂಜು, ಅವನಿಗೆ ಅವಳು ಒಂದು ಮಂಜು, ನಡುವೆ ಒಂದೂವರೆ ಅಡಿ ಸಿಮೆಂಟು. ಈ ಗಳಿಗೆ ಹೀಗೇ ಇರಲಿ, ಮೂರು ಗಂಟೆ ಆಗದಿರಲಿ, ಪಂಪು ನಿಲ್ಲದಿರಲಿ ಎಂದು ಅವನು ಆಸೆಪಟ್ಟ ಆಸೆಗೆ ಸೂರ್ಯ ಒಂದು ಕ್ಷಣ ತಡವರಿಸಿರಬೇಕು. ಮೂಗಿನ ಮೇಲಿನ ಪುಟ್ಟ ಮೆತ್ತೆಗಳನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದ, ಕಡ್ಡಿಯ ತುದಿಯನ್ನು ಉಸಿರಿನಲ್ಲಿ ಬೆಚ್ಚಗೆ ಮಾಡಿ ಬಗ್ಗಿಸಿದ. ಕೊಟ್ಟುಬಿಟ್ಟು ಎದ್ದು ಹೋದರಾಯಿತು, ಇವಳಿಗೆ ಗುರುತು ಸಿಕ್ಕಿಲ್ಲ. ಹಳದಿ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಸಾಲು ಅವನಿಗೆ ಬಾಯಿಪಾಠ: ಅನುಚಿತ ನಡತೆ ಕಂಡುಬಂದಲ್ಲಿ ಅಭ್ಯರ್ಥಿತನ ರದ್ದು. ಆರನೆಯ ವರ್ಷ, ಒಂದೇ ಪೇಪರು.

ಅವಳು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದಳು. "ಅಯ್ಯೋ, ಅಂಟು ಹಾಕಿದ ಹಾಗೆ ಕೂತ್ಕೊಳ್ತು! ಯಾರ್ರೀ ನೀವು?"

ಆರು ವರ್ಷದಲ್ಲಿ ಆ ಕಾಲೇಜಿನಲ್ಲಿ ಯಾರೂ ಅವನನ್ನು ಕೇಳದಿದ್ದ ಪ್ರಶ್ನೆ ಅದು. ಜೇಬಿಗೆ ಕೈಹಾಕಿ ಫ್ರೇಮು ತೆಗೆದು ಮುಖಕ್ಕೇರಿಸಿಕೊಂಡ. ಲೋಕ ಫಕ್ಕನೆ ಅಂಚು ಕಟ್ಟಿಕೊಂಡು ನಿಂತಿತು: ಪಂಪಿನ ಮನೆಯ ತುಕ್ಕು ಹಿಡಿದ ಬೀಗ, ಹಸಿರು ಬಟ್ಟೆಯ ಮೇಲೆ ಶಾಯಿಯ ಕಲೆ, ಮತ್ತು ಅಗಲವಾಗುತ್ತಿರುವ ಎರಡು ಕಣ್ಣು. ಅವಳು ಸಟಕ್ಕನೆ ಎದ್ದು ನಿಂತಳು. ಅಷ್ಟೆಲ್ಲ ಬೈದವಳು ಕೂಡ ಎದ್ದು ನಿಂತಳು.

"ಸರ್!"

"ನಿಂತ್ಕೋಬೇಡಿ. ನಾನು ಸರ್ ಅಲ್ಲ."

"ಮತ್ತೆ?"

"ಹೊರಗಿನ ಅಭ್ಯರ್ಥಿ. ಬರೋ ಸೋಮವಾರ ನನಗೂ ನಿಮ್ಮದೇ ಪೇಪರು. ಐದು ಸಲ ಫೇಲು."

ಅವಳು ಡಸ್ಟರ್ ಹುಡುಕಲಿಲ್ಲ, ನಮಸ್ಕಾರವನ್ನೂ ಮಾಡಲಿಲ್ಲ. ಅವನ ಮುಖವನ್ನೇ, ಬೆಲೆ ಚೀಟಿ ಕಿತ್ತುಹೋದ ಸಾಮಾನನ್ನು ನೋಡುವಂತೆ ಹಿಂದೆ ಮುಂದೆ ನೋಡಿದಳು. "ಟೈಮೆಷ್ಟು?"

"ಎರಡೂ ಹತ್ತು."

"ನಡೀರಿ ಮತ್ತೆ."

ಹೆಡ್ ಮೇಡಂ ಕಾಗದಗಳ ಗುಡ್ಡದ ಹಿಂದೆ ಕೂತು ಮುನ್ನೂರ ಹನ್ನೆರಡು ಹೆಸರನ್ನು ಎರಡನೆಯ ಸಲ ಬರೆಯುತ್ತಿದ್ದರು. ಓದುವ ಕನ್ನಡಕ, ಪ್ಲಸ್ ಎರಡೂವರೆ, ನಂಬರು ಬದಲಾಗಿದೆ, ಅದಕ್ಕೇ ಹಣೆ ಗಂಟಿಕ್ಕುತ್ತಾರೆ. ತಲೆಯೆತ್ತದೆ, "ಕೂತ್ಕೊಳ್ಳಿ. ಮಗಳ ಪರವಾಗಿ ಬಂದ್ರಾ? ನೋಡಿ, ತಂದೆ ತಾಯಿ ಬಂದು ಅತ್ತ ಮಾತ್ರಕ್ಕೆ..." ಎಂದು ಶುರುಮಾಡಿದರು.

"ತಂದೆ ಅಲ್ಲ ಮೇಡಂ, ಇವರೇ ಆ ಸರ್. ಅಂದ್ರೆ ಸರ್ ಅಲ್ಲ" ಎಂದಳು ಹುಡುಗಿ.

ಅವನು ಹೇಳಿದ. ಹೇಳುವುದಕ್ಕೆ ಮುಂಚೆ ಅದು ಬ್ರಹ್ಮಾಂಡದಷ್ಟಿತ್ತು, ಹೇಳಿದರೆ ನಾಲ್ಕು ಸಾಲಿನಲ್ಲಿ ಮುಗಿದುಹೋಯಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಸಣ್ಣ ಸದ್ದಿಗೆ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಏನಾದರೂ ಉಳಿಸಿಕೊಳ್ಳಬೇಕೆಂದು, "ನಾನು ಲೆಕ್ಚರರ್ ಅಂತ ಯಾರಿಗೂ, ಯಾವತ್ತೂ ಹೇಳಿಲ್ಲ ಮೇಡಂ" ಎಂದ.

"ಅಲ್ಲ ಅಂತ ಹೇಳಿದ್ರಾ?"

ಮೇಡಂ ಡ್ರಾಯರು ತೆರೆದು ನಾಲ್ಕು ಹಾಲ್ ಟಿಕೆಟ್ ಹುಡುಗಿಯ ಕೈಗೆ ಕೊಟ್ಟರು, ಕೊಟ್ಟು ಅವಳಿಗೊಂದು ಬೈದರು: "ಇನ್ಮೇಲಾದ್ರೂ ಯಾರೋ ಹೇಳಿದ್ರು ಅಂತ ಕೈಗೆ ಸಿಕ್ಕಿದ್ದನ್ನ ಒರೆಸ್ಬೇಡ." ಆಮೇಲೆ ಇವನ ಕಡೆ ತಿರುಗಿದರು. "ಪರೀಕ್ಷೆ ಬರೀರಿ. ಈ ವಯಸ್ಸಲ್ಲಿ ಓದ್ತಾ ಇದೀರಿ, ಅದನ್ನ ನಾನು ತಪ್ಪಿಸೋದಿಲ್ಲ. ಆದರೆ ಓದೋಕೆ ಅಂತ ಈ ಕಟ್ಟಡದೊಳಗೆ ಕೂರೋದು ಇವತ್ತಿಗೆ ಮುಗೀತು. ಹೋಗೋವಾಗ ಹಳದಿ ಕಾರ್ಡನ್ನ ಗೇಟಲ್ಲಿ ಕೊಟ್ಟು ಹೋಗಿ." ಹೊರಡುವವನನ್ನು ತಡೆದು, "ನಿಮಗೆ ಮಾತಾಡೋಕೆ ಯಾರೂ ಇರ್ಲಿಲ್ವಾ ಇಲ್ಲಿ, ಆರು ವರ್ಷ?" ಎಂದು ಕೇಳಿದರು. ಅದು ಬೈಗುಳವಾಗಿರಲಿಲ್ಲ, ಅದಕ್ಕೇ ಅವನು ಬಾಗಿಲ ಹಿಡಿಯನ್ನು ತಪ್ಪು ಕಡೆಗೆ ತಿರುಗಿಸುತ್ತ ನಿಂತುಬಿಟ್ಟ, ಹುಡುಗಿಯೇ ತೆರೆಯಬೇಕಾಯಿತು.

ಕಾರಿಡಾರಿನಲ್ಲಿ ಅವಳು ಓಡಿದಳು. ಹಿಂತಿರುಗಿ ನೋಡಲಿಲ್ಲ, ನೋಡುವಳೆಂದು ಅವನು ಸ್ವಲ್ಪ ಹೊತ್ತು ನಿಂತಿದ್ದ. ಅಂಗಡಿಗೆ ನಾಲ್ಕಕ್ಕೆ ಹೋದರೆ ಸಾಕು, ಇನ್ನೊಂದು ಗಂಟೆ ಇತ್ತು. ಗೇಟಿನ ಕಡೆ ಹೊರಟ ಕಾಲು ಲ್ಯಾಬಿನ ಹಿಂದಕ್ಕೆ ಹೋಯಿತು. ಮೆಟ್ಟಿಲ ತಿರುವಿನಲ್ಲಿ ಅವರೆಲ್ಲ ಇದ್ದರು, ಹದಿನೈದಿಪ್ಪತ್ತು ಜನ, ಅವಳೂ, ಎತ್ತರ ನೋಡಿದರೇ ಗೊತ್ತಾಗುವ ಉದ್ದಣ್ಣನೂ, ಸುದ್ದಿ ಆಗಲೇ ಇವನಿಗಿಂತ ಮುಂಚೆ ಮೆಟ್ಟಿಲು ಹತ್ತಿ ಕೂತಿತ್ತು. ಮಾತು ನಿಂತಿತು. ಅವನು ಕಾದ. ಒಂದು ಬೆನ್ನೂ ನೆಟ್ಟಗಾಗಲಿಲ್ಲ, ಒಂದು ಫೋನೂ ಮಾಯವಾಗಲಿಲ್ಲ. ಕೂತ್ಕೊಳ್ಳಿ ಎಂದು ಯಾರೂ ಅನ್ನಲೂ ಇಲ್ಲ. ಮತ್ತೆ ಅವರವರ ಪುಸ್ತಕಕ್ಕೆ ಬಗ್ಗಿದರು. ಖಾಲಿ ಇದ್ದದ್ದು ಮೇಲ್ಗಡೆ ಲ್ಯಾಬಿನ ಬಾಗಿಲ ಬುಡವೊಂದೇ. ಎಲ್ಲರನ್ನೂ ದಾಟಿಕೊಂಡು ಹೋಗಿ ಅಲ್ಲಿ ಕೂತ.

ಉದ್ದಣ್ಣ ಲೆನ್ಸಿನ ಲೆಕ್ಕ ಹಿಡಿದಿದ್ದ, ಅದೇ ಲೆಕ್ಕ. ಗಾಜು ತಿರುಗಿಸಿದರೆ ಬಿಂಬ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ ತಪ್ಪಿದ. ಗಾಜು ತಿರುಗಿಸುವುದೇ ಕಸುಬಾದವನಿಗೆ ತಡೆಯಲಾಗಲಿಲ್ಲ. "ಅದು ಆ ಕಡೆ ಹೋಗಲ್ಲ" ಎಂದ.

"ಸ್ವಲ್ಪ ಸುಮ್ನಿರಿ ನೀವು" ಎಂದ ಉದ್ದಣ್ಣ, ತಿರುಗದೆಯೇ. "ನೀವು ಹೇಳಿದ್ದು ಕೇಳಿ ಆಗಿದ್ದು ಸಾಲದಾ?" ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ, ಇವನ ಪರ ಒಂದು ಮಾತನ್ನೂ ಆಡಲಿಲ್ಲ. ಎರಡು ನಿಮಿಷ ಕಳೆದ ಮೇಲೆ ಕೆಳಗಿನಿಂದ ಗುಬ್ಬಚ್ಚಿಯಂಥ ಒಂದು ದನಿ, "ಲೋ, ಅವರು ಹೇಳಿದ್ದೇ ಸರಿ ಕಣೋ" ಎಂದಿತು. ಉದ್ದಣ್ಣ ಗೊಣಗುತ್ತ ಹೊಡೆದುಹಾಕಿ ಮತ್ತೆ ಬರೆದ.

ಅಷ್ಟರಲ್ಲಿ ಬಾಗಿಲು ತೆರೆದು ಧಡ್ಡೆಂದು ಬೆನ್ನಿಗೆ ಬಡಿಯಿತು. ಒಳಗಿನಿಂದ ಬಂದ ಹುಡುಗಿ ಕೈತುಂಬ ಗಾಜಿನ ಬಾಟಲಿ ಹಿಡಿದಿದ್ದಳು. "ದಾರೀಲೇ ಕೂತಿದೀರಲ್ಲ, ಸರೀರಿ ಆಚೆ!" ಅವನು ಪುಸ್ತಕ ಎದೆಗೊತ್ತಿಕೊಂಡು, ಕೂತಲ್ಲಿಂದಲೇ ಒಂದು ಮೆಟ್ಟಿಲು ಕೆಳಕ್ಕೆ ಸರಿದ. ಅಲ್ಲಿ ಯಾರದೋ ಕಾಲು ಚಾಚಿತ್ತು. ಕಾಲು ಅಲ್ಲಾಡಲಿಲ್ಲ. ಇನ್ನೆಲ್ಲೂ ಜಾಗವಿರಲಿಲ್ಲವಾದ್ದರಿಂದ ಅವನು ಆ ಕಾಲಿಗೇ ಒರಗಿಕೊಂಡು ಪುಟ ತಿರುಗಿಸಿದ.